ಮೇಷ್ಟ್ರ ಕಪ್ಪು ಕೂದಲು

ಆ ಲ್ಯಾಬಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವ ಪದ್ಧತಿ ಇರಲಿಲ್ಲ. ಸಮುದ್ರದ ನೀರಿನಲ್ಲಿ ಯಾರು ಯಾವ ಲೋಹ ಅಳೆಯುತ್ತಾರೋ ಅದೇ ಅವರ ಹೆಸರು. ತಾಮ್ರ ಅಳೆಯುವ ದಡೂತಿ ಹುಡುಗ ತಾಮ್ರಣ್ಣ, ಸೀಸ ಅಳೆಯುವ ಹುಡುಗಿ ಸೀಸಮ್ಮ. ಇವರೆಲ್ಲರ ತಲೆಯ ಮೇಲೆ ಮೇಷ್ಟ್ರು. ಅವರು ಯಾವ ಲೋಹಕ್ಕೂ ಸೇರಿದವರಲ್ಲ, ಎಲ್ಲ ಲೋಹಗಳಿಗೂ ಯಜಮಾನರು.

ಸೀಸ ಅಳೆಯುವುದೆಂದರೆ ಹುಡುಗಾಟವಲ್ಲ. ಈಜುಕೊಳದ ತುಂಬ ಸಮುದ್ರದ ನೀರು ತುಂಬಿಸಿದರೂ ಅದರಲ್ಲಿ ಸೀಸ ಒಂದು ಸಾಸಿವೆಕಾಳಿನಷ್ಟೂ ಸಿಗುವುದಿಲ್ಲ. ಬಾಗಿಲಿನ ಬಣ್ಣದಲ್ಲಿ, ಬೀದಿಯ ಧೂಳಿನಲ್ಲಿ, ನಮ್ಮ ನಿಮ್ಮ ಬಟ್ಟೆಯ ಮೇಲೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅದಕ್ಕೇ ಒಳಕೋಣೆಗೆ ಹೋಗುವ ಗಾಳಿಯನ್ನೂ ಸೋಸಿ ಬಿಡುತ್ತಿದ್ದರು. ಅಲ್ಲಿ ಕಬ್ಬಿಣದ ಒಂದು ಮೊಳೆಯೂ ಇಲ್ಲ, ಎಲ್ಲ ಪ್ಲಾಸ್ಟಿಕ್. ಬಾಟಲಿಗಳು ವಾರಗಟ್ಟಲೆ ಆಸಿಡ್‌ನಲ್ಲಿ ನೆನೆದು ಬರಬೇಕು. ಮನುಷ್ಯರು ಬಿಳಿ ಅಂಗಿ, ಟೋಪಿ, ಕೈಗವಸು ತೊಟ್ಟು ಬರಬೇಕು. ಮೇಷ್ಟ್ರು ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಮುಖ ನೋಡಿ ಒಳಗೆ ಬಿಡುತ್ತಿದ್ದರು. ಪೌಡರ್ ಕಂಡರೆ ವಾಪಸ್, ಕಾಡಿಗೆ ಕಂಡರೆ ವಾಪಸ್. ಒಮ್ಮೆ ತಾಮ್ರಣ್ಣ ಮದುವೆಯ ಉಂಗುರ ಬೆರಳಿನಿಂದ ಬರ್ತಿಲ್ಲ ಅಂದಾಗ, "ಬೆರಳು ಬರುತ್ತಾ ನೋಡು" ಅಂದಿದ್ದರು.

ಇಂಥ ಕೋಣೆಯಲ್ಲಿ ಸೀಸಮ್ಮನ ಬ್ಲಾಂಕ್ ಕೆಟ್ಟಿತು. ಬ್ಲಾಂಕ್ ಅಂದರೆ ಬರೀ ಶುದ್ಧ ನೀರು. ಅದನ್ನೇ ಸಮುದ್ರದ ನೀರೆಂಬಂತೆ ಎಲ್ಲ ಹಂತ ದಾಟಿಸಿ ಅಳೆಯುತ್ತಾರೆ. ಅದರಲ್ಲಿ ಸೀಸ ಕಂಡರೆ ಅದು ಸಮುದ್ರದ್ದಲ್ಲ, ಲ್ಯಾಬಿನದೇ ಕೊಳೆ. ಎರಡು ತಿಂಗಳಿಂದ ಆ ಕೊಳೆ ಏರುತ್ತಲೇ ಇತ್ತು. ಹಡಗಿನಿಂದ ತಂದ ನೀರಿನಲ್ಲಿ ಇನ್ನು ಉಳಿದದ್ದು ನಾಲ್ಕೇ ಬಾಟಲಿ, ಎಲ್ಲಕ್ಕಿಂತ ಆಳದವು. ಹಡಗು ಮತ್ತೆ ಆ ಕಡೆ ಹೋಗುವುದಿಲ್ಲ. ಬ್ಲಾಂಕ್ ಕೆಟ್ಟಿರುವಾಗ ಅವನ್ನು ಬಿಚ್ಚಿದರೆ ಅವಳ ಪಿಎಚ್‌ಡಿ ನೀರುಪಾಲು. ಆದರೆ ಸೋಮವಾರ ಬಿಚ್ಚುವುದೆಂದು ನಿಗದಿಯಾಗಿತ್ತು. ಬಿಚ್ಚುವವರು ಸ್ವತಃ ಮೇಷ್ಟ್ರು. ಕೊನೆಯ ಬಾಟಲಿಗಳನ್ನು ಅವರೇ ಕೈಯಾರೆ ಬಿಚ್ಚುವುದು ಅಲ್ಲಿ ಮೊದಲಿನಿಂದ ನಡೆದು ಬಂದದ್ದು.

ಸೀಸಮ್ಮ ಆಸಿಡ್ ಬದಲಾಯಿಸಿದಳು. ಕೈಗವಸು ಬದಲಾಯಿಸಿದಳು. ಗಾಳಿ ಸೋಸುವ ಫಿಲ್ಟರ್ ಕಳಚಿ ಹೊಸದು ಹಾಕಿಸಿದಳು. ಹೆಸರು ಸೀಸ ಅಂತ ಇಟ್ಟುಕೊಂಡಿದ್ದಕ್ಕೆ ನನ್ನ ಮೈಯಿಂದಲೇ ಉದುರುತ್ತಿದೆಯೇನೋ ಎಂದು ಎರಡೆರಡು ಸಲ ಸ್ನಾನ ಮಾಡಿ ಬಂದಳು. ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಮೇಷ್ಟ್ರು ಯಾವುದೋ ಸಭೆಗೆಂದು ಒಂದು ವಾರ ಊರಿನಲ್ಲಿರಲಿಲ್ಲ. ಆ ವಾರ ಬ್ಲಾಂಕ್ ಕನ್ನಡಿಯ ಹಾಗೆ ಸ್ವಚ್ಛ. ಅವರು ಬಂದು ಒಂದು ಗಂಟೆ ಒಳಕೋಣೆಯಲ್ಲಿ ಕೂತದ್ದೇ ತಡ, ಮತ್ತೆ ಹಳೇ ಕಥೆ.

"ಅವರ ತಲೆ ನೋಡಿದ್ದೀಯಾ?" ಅಂದ ತಾಮ್ರಣ್ಣ, ಕ್ಯಾಂಟೀನಿನ ಮೂಲೆಯಲ್ಲಿ ದನಿ ತಗ್ಗಿಸಿ. "ಎರಡು ತಿಂಗಳಿಂದ ಕಾಗೆ ಹಾಗಾಗಿದೆ. ಅದಕ್ಕೆ ಮುಂಚೆ ಬೆಳ್ಳಗಾಗ್ತಾ ಬಂದಿತ್ತು."

ಸೀಸಮ್ಮ ಟೀ ಲೋಟ ಕೆಳಗಿಟ್ಟಳು. ದಿನಾ ಹಚ್ಚಿ ಬಾಚುತ್ತ ಹೋದರೆ ಕೂದಲನ್ನು ನಿಧಾನವಾಗಿ ಕಪ್ಪಾಗಿಸುವ ಕೆಲವು ಬಣ್ಣಗಳಲ್ಲಿ ಸೀಸವೇ ಇರುತ್ತದೆಂದು ಅವಳು ಓದಿದ್ದಳು. ಟೋಪಿ ಕೂದಲನ್ನು ಮುಚ್ಚೀತು, ಆದರೆ ಕೂದಲು ಮುಟ್ಟಿದ ಕೈಯನ್ನು, ಕಾಲರನ್ನು ಮುಚ್ಚುತ್ತದೆಯೇ?

"ಯಾರು ಹೇಳೋದು?" ಅಂದಳು.

"ನಿನ್ನ ಲೋಹ, ನೀನೇ ಹೇಳು. ನನ್ನದೇನಿದ್ರೂ ತಾಮ್ರ" ಎಂದು ತಾಮ್ರಣ್ಣ ಮೆಲ್ಲಗೆ ಕೈ ತೊಳೆದುಕೊಂಡ.

ಶುಕ್ರವಾರ ಮಧ್ಯಾಹ್ನ ಅವಳು ಮೇಷ್ಟ್ರ ಕೋಣೆಯ ಬಾಗಿಲು ತಟ್ಟಿದಳು. ಅಪ್ಪನಷ್ಟು ವಯಸ್ಸಿನವರಿಗೆ, ಅದೂ ಶುಚಿಯ ಪಾಠ ಹೇಳಿಕೊಟ್ಟವರಿಗೆ, ಕೊಳೆ ನಿಮ್ಮದೇ ಎಂದು ಹೇಳಬೇಕು. ಹೇಳದಿದ್ದರೆ ನಾಲ್ಕು ಬಾಟಲಿಯೂ ಹೋದಂತೆ.

"ಸಾರ್, ತಪ್ಪು ತಿಳ್ಕೋಬೇಡಿ. ಸೀಸ ನಿಮ್ಮ ತಲೆಯಿಂದ ಬರ್ತಿದೆ ಅನ್ಸುತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಡಿಮಿಡಿಗೊಳ್ಳುತ್ತಾರೆಂದು ಅವಳು ಕಾದಳು. ಅವರು ಡ್ರಾಯರಿನಿಂದ ಕತ್ತರಿ ತೆಗೆದು, ಕಿವಿಯ ಹಿಂದಿನ ಒಂದು ಎಳೆ ಕತ್ತರಿಸಿ, ಕಾಗದದಲ್ಲಿ ಮಡಿಸಿ ಅವಳ ಮುಂದೆ ತಳ್ಳಿದರು.

"ಅನ್ಸುತ್ತೆ ಅನ್ನೋದೆಲ್ಲ ಬೇಡ. ಅಳೆದು ನೋಡು. ಒಳಕೋಣೆಗೆ ಮಾತ್ರ ತಗೊಂಡು ಹೋಗ್ಬೇಡ, ಪಕ್ಕದ ಲ್ಯಾಬಿನ ಹಳೇ ಮೆಷಿನ್ನಲ್ಲಿ ಹಾಕು."

ಅಳೆದಳು. ಆಸಿಡ್‌ನಲ್ಲಿ ಕರಗಿಸಿ, ಸಾವಿರ ಪಾಲು ನೀರು ಬೆರೆಸಿದರೂ ಮೆಷಿನ್ನಿಗೆ ಉಸಿರು ಕಟ್ಟಿತು, ಅಷ್ಟು ಸೀಸ. ಇನ್ನಷ್ಟು ನೀರು ಬೆರೆಸಿದ ಮೇಲೆ ಅಂಕಿ ಬಂತು. ಸಂಜೆ ಆ ಅಂಕಿಯನ್ನು ಅವರ ಮುಂದಿಟ್ಟಾಗ ಮೇಷ್ಟ್ರು ಕನ್ನಡಕ ಹಾಕಿಕೊಂಡು ಅದನ್ನು ಓದಿದರು.

"ಕ್ಷೌರದವನು ಕೊಟ್ಟ ಬಣ್ಣದ ಬಾಟಲಿ. ಏನಿದೆ ಅಂತ ನಾನು ಕೇಳ್ಲಿಲ್ಲ. ಸೀಸದ ಮೇಲೇ ಅರ್ಧ ಆಯುಷ್ಯ ಕಳೆದೋನು, ಕೇಳ್ಲಿಲ್ಲ ನೋಡು."

"ಬೇರೆ ಬಣ್ಣ ಹಾಕಿದ್ರೆ ಸಾಕು ಸಾರ್."

"ಬೇರೆ ಎಲ್ಲ ಹಾಕಿ ನೋಡಾಯ್ತು. ಮುಖ ಊದಿಕೊಳ್ಳುತ್ತೆ, ಕಣ್ಣು ಬಿಡೋಕಾಗಲ್ಲ. ಇದೊಂದೇ ಒಗ್ಗಿದ್ದು."

ಹಾಗಾದರೆ ಹಚ್ಚಲೇಬೇಡಿ, ಈ ವಯಸ್ಸಿನಲ್ಲಿ ಯಾರು ನೋಡಬೇಕು ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಮೇಷ್ಟ್ರೇ ಮಾತು ಮುಂದುವರಿಸಿದರು.

"ನಮ್ಮನೆಯವಳಿಗೆ ನೆನಪು ಹೋಗ್ತಿದೆ. ಗೊತ್ತಿಲ್ಲ ನಿಮಗೆ, ನಾನು ಯಾರಿಗೂ ಹೇಳಿಲ್ಲ. ಇದು ಸಿಗೋಕೆ ಮುಂಚೆ, ಮುಖ ಊದಿಕೊಳ್ಳುತ್ತೆ ಅಂತ ಬಣ್ಣ ಹಚ್ಚೋದು ಬಿಟ್ಟಿದ್ದೆ, ತಲೆ ಬೆಳ್ಳಗಾಯ್ತು. ಸಂಜೆ ಮನೆಗೆ ಹೋದ್ರೆ, ಕೂತಿದ್ದವಳು ಗಡಬಡಿಸಿ ಎದ್ದು ನಿಂತ್ಲು. 'ಮಾವ, ಕೂತ್ಕೊಳ್ಳಿ, ಅವರಿನ್ನೂ ಕಾಲೇಜಿಂದ ಬಂದಿಲ್ಲ' ಅಂದ್ಲು. ನಮ್ಮಪ್ಪ ಹೋಗಿ ಎಷ್ಟೋ ವರ್ಷ ಆಯ್ತು. ರಾತ್ರಿವರೆಗೂ ನನ್ನೆದುರು ಕೂರ್ಲಿಲ್ಲ. ಬಾಗಿಲು ನೋಡ್ತಾ ನಿಂತೇ ಇದ್ಲು, ಗಂಡ ಬರ್ತಾನೆ ಅಂತ."

ಈ ಮನುಷ್ಯನ ಮೇಲೆ ಇಷ್ಟು ದಿನ ಒಳಗೊಳಗೇ ಕುದಿದಿದ್ದಕ್ಕೆ ಸೀಸಮ್ಮನಿಗೆ ನಾಚಿಕೆಯಾಯಿತು. "ಸಾರ್, ಸೀಸ ಮೈಗೆ ಒಳ್ಳೇದಲ್ಲ" ಎಂದಷ್ಟೇ ಅಂದಳು.

"ಅದನ್ನ ನಿನಗೆ ಹೇಳಿಕೊಟ್ಟೋನೇ ನಾನು" ಎಂದು ಮೇಷ್ಟ್ರು ನಕ್ಕರು. "ಸೋಮವಾರ ಬಾಟಲಿ ನೀನೇ ಬಿಚ್ಚು. ನಾನಿನ್ನು ಒಳಗೆ ಬರಲ್ಲ. ಇಲ್ಲಿ ಸೀಸ ಅಳೆಯೋಕೆ ನೀವೆಲ್ಲ ಇದ್ದೀರಿ. ಅಲ್ಲಿ ಅವಳ ಗಂಡ ಅಂತ ಇರೋನು ನಾನೊಬ್ನೇ."

ಶನಿವಾರ, ಭಾನುವಾರ ಎರಡೂ ದಿನ ಸೀಸಮ್ಮ, ತಾಮ್ರಣ್ಣ ಸೇರಿ ಒಳಕೋಣೆಯ ಗೋಡೆ, ನೆಲ, ಮೇಜು ಎಲ್ಲ ಒರೆಸಿದರು. ಸೋಮವಾರ ಮೇಷ್ಟ್ರು ಗಾಜಿನ ಕಿಟಕಿಯ ಆಚೆ ಕೈ ಹಿಂದೆ ಕಟ್ಟಿಕೊಂಡು ನಿಂತರು. ತಾವು ಕಟ್ಟಿಸಿದ ಕೋಣೆಯನ್ನು ಹೊರಗಿನವರಂತೆ ನೋಡುತ್ತಿದ್ದರು. ಅವಳು ಮೊದಲ ಬಾಟಲಿಯ ಮುಚ್ಚಳ ತಿರುಗಿಸುವಾಗ ಅವರ ಬೆರಳುಗಳೂ ತಮಗೆ ಅರಿವಿಲ್ಲದೆ ತಿರುಗಿದವು. ನಾಲ್ಕನೆಯದು ಮುಗಿಯುವವರೆಗೂ ನಿಂತಿದ್ದು, ತಲೆಯಾಡಿಸಿ ಹೊರಟುಹೋದರು.

ಅಂಕಿಗಳು ಬರುವಾಗ ಸಂಜೆಯಾಗಿತ್ತು. ಬ್ಲಾಂಕ್ ಅಷ್ಟು ಸ್ವಚ್ಛವಾಗಿ ಆ ಲ್ಯಾಬಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಸೀಸಮ್ಮನಿಗೆ ಕುಣಿಯುವಷ್ಟು ಸಂತೋಷವಾಯಿತು, ಹಿಂದೆಯೇ ಸಂಕಟವೂ ಆಯಿತು. ತಡೆಯಲಾರದೆ ಮೇಷ್ಟ್ರ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಒಂದು ಹೆಂಗಸಿನ ದನಿ.

"ಯಾರಮ್ಮ ನೀನು?"

"ನಾನು ಅವರ ಸ್ಟೂಡೆಂಟ್ ಅಮ್ಮ. ಬ್ಲಾಂಕ್ ತುಂಬ ಚೆನ್ನಾಗಿ ಬಂತು ಅಂತ ಸಾರ್‌ಗೆ ಹೇಳ್ತೀರಾ?"

"ಹೇಳ್ತೀನಿ ಇರು, ಈಗ್ತಾನೇ ಬಂದ್ರು" ಎಂದಿತು ಆ ದನಿ. ಆಮೇಲೆ ಫೋನಿನಿಂದ ಮುಖ ತಿರುಗಿಸಿ, ನಿನ್ನೆ ಮೊನ್ನೆ ಮದುವೆಯಾಗಿ ಬಂದವಳ ಹಾಗೆ ಕೂಗಿತು: "ರೀ, ನಿಮಗೇ ಫೋನು."