ಬಿಳಿ ತೆರೆ, ಬಿಳಿ ಪೊರೆ

ಬಿಳುಪೆಂದರೆ ನನಗೆ ಹಾಲೂ ಅಲ್ಲ, ಮಲ್ಲಿಗೆಯೂ ಅಲ್ಲ. ನಾಗವೇಣಿ ಅತ್ತೆಯ ಅಂಗೈಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದ ಮೊಬೈಲು.

ಊರ ಕಣ್ಣಾಸ್ಪತ್ರೆಗೆ ‘ಸರದಿ’ ಎಂಬ ಆ್ಯಪ್ ಮಾಡಿಕೊಟ್ಟವರು ನಾವು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಎಂಟರೊಳಗೆ ಅದನ್ನು ತೆರೆದು ‘ಬರುತ್ತೇನೆ’ ಎಂದು ಒತ್ತದಿದ್ದರೆ ಸರದಿ ಇನ್ನೊಬ್ಬರ ಪಾಲು. ಆದರೆ ಶುರುವಿನಲ್ಲೇ ಏನಾದರೂ ಮುರಿದರೆ ನಮ್ಮ ತೆರೆ ತೆರೆಯುತ್ತಲೇ ಇರಲಿಲ್ಲ, ಬರೀ ಬಿಳುಪು. “ತಪ್ಪು ನಮ್ಮದು ಅಂತ ಅಲ್ಲೊಂದು ಮಾತು ಬರೆಯೋಣ ಸಾರ್,” ಎಂದು ಯಜಮಾನ ಶ್ರೀಕಂಠ ಜೋಯಿಸರನ್ನು ಕೇಳಿದ್ದೆ.

“ನಾವ್ಯಾಕಯ್ಯ ಒಪ್ಕೋಬೇಕು? ಬೆಳ್ಳಗಿದ್ರೆ ಜನ ತಮ್ಮ ಫೋನೇ ಕೆಟ್ಟಿದೆ ಅಂದ್ಕೋತಾರೆ. ನಮ್ಮ ಹೆಸರೂ ಬೆಳ್ಳಗಿರುತ್ತೆ!” ಎಂದು ಮೂಗಿನಲ್ಲೇ ನಕ್ಕರು. ಆ ನಗುವನ್ನು ಊಟದ ಹೊತ್ತಿನಲ್ಲಿ ಎಲ್ಲರಿಗೂ ಮಾಡಿ ತೋರಿಸಿದೆ. ಕಾಲೇಜಿನ ದಿನಗಳಿಂದಲೂ ನನ್ನ ಗಂಟಲಿನಲ್ಲಿ ಬಾಡಿಗೆದಾರರು ಜಾಸ್ತಿ.

ಅತ್ತೆ ಫೋನು ಕೆಟ್ಟಿದೆ ಅಂದುಕೊಳ್ಳಲಿಲ್ಲ. ತನ್ನ ಸರದಿಯ ದಿನವೇ ತೆರೆ ಬೆಳ್ಳಗಾದಾಗ, ಕಣ್ಣಿನ ಪೊರೆ ಪೂರ್ತಿ ಮುಚ್ಚಿತೆಂದು ತಿಳಿದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಕುಳಿತಳು. ನಾನೋ ಆ ಕೆಟ್ಟ ಆ್ಯಪನ್ನು ಸರಿಪಡಿಸಲು ಕಚೇರಿಗೆ ಓಡಿದ್ದೆ. ಎಂಟು ದಾಟಿತು. ಮುಂದಿನ ಸರದಿ ಬರುವಷ್ಟರಲ್ಲಿ ಪೊರೆ ಬಲಿತು ಒಂದು ಕಣ್ಣು ಆರಿಹೋಗಿತ್ತು.

“ವಯಸ್ಸಾದವರ ಕೈಗೆ ಫೋನ್ ಯಾಕಯ್ಯ ಕೊಟ್ಟೆ?” ಎಂದರು ಜೋಯಿಸರು.

ಸೇಡಿಗೂ ಒಂದು ಮರ್ಯಾದೆ ಬೇಡವೇ? ಯಾರನ್ನೂ ಕೇಳದೆ, ಬಿಳುಪಿದ್ದ ಜಾಗದಲ್ಲಿ ದಪ್ಪಕ್ಷರಗಳಲ್ಲಿ ಬರೆದೆ: ‘ಆ್ಯಪ್ ಏಳಲಿಲ್ಲ. ತಪ್ಪು ನಿಮ್ಮ ಕಣ್ಣಿನದಲ್ಲ, ನಮ್ಮದು. ಈ ನಂಬರಿಗೆ ಕರೆ ಮಾಡಿ, ನಿಮ್ಮ ಸರದಿ ಉಳಿಯುತ್ತದೆ.’ ಕೆಳಗೆ ಜೋಯಿಸರ ಸ್ವಂತ ನಂಬರು. ಆಮೇಲೆ ಕೊಕ್ಕರೆಯಂತೆ ಒಂಟಿಕಾಲಿನಲ್ಲಿ ಕಾದೆ.

ನಾಲ್ಕನೆಯ ತಿಂಗಳು ‘ಸರದಿ’ ಮತ್ತೆ ಮಲಗಿತು. ಬೆಳಗಿನ ಆರರಿಂದ ಜೋಯಿಸರು ಕೂರಲಿಲ್ಲ. ಅರವತ್ತು ಮುದುಕರ ಬೈಗುಳ ಕೇಳಿ, ಅರವತ್ತು ಹೆಸರುಗಳನ್ನು ಕೈಯಾರೆ ಬರೆದು ಆಸ್ಪತ್ರೆಗೆ ಮುಟ್ಟಿಸಿದರು. ಎಂಟು ಹೊಡೆದು ಎಲ್ಲರ ಸರದಿಯೂ ಉಳಿದ ಮೇಲೆ ನಾನು ಮನೆಯಲ್ಲಿ ಅತ್ತೆಯ ಫೋನಿನಿಂದ ಕರೆ ಮಾಡಿದೆ, ಅವಳದೇ ದನಿಯಲ್ಲಿ.

“ಎಲ್ಲಾ ಬೆಳ್ಳಗೆ ಕಾಣ್ತದಪ್ಪಾ. ನನ್ನ ಕಣ್ಣೋ, ನಿಮ್ಮ ತಪ್ಪೋ?”

“ತಪ್ಪು ನಮ್ಮದೇ ತಾಯಿ,” ಎಂದಿತು ಒಣಗಿದ ಗಂಟಲು.

“ಜೋರಾಗಿ ಹೇಳಪ್ಪಾ, ಕಿವೀನೂ ಮಂದ.”

“ತಪ್ಪು ನಮ್ದು ತಾಯೀ!”

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಅತ್ತೆ. ತನ್ನದೇ ದನಿ ಕೇಳಿ ಎದ್ದು ಬಂದಿದ್ದಳು.

“ಕಳ್ಳ! ನನ್ನ ದನೀಲಿ ಕ್ಷಮಿಸಿದೆ ಅಂತ ಅಂದುಬಿಟ್ಯೇನೋ?”

“ಇಲ್ಲ ಅತ್ತೆ.”

“ಹ್ಞಾಂ, ಅನ್ಬೇಡ.”

ತನ್ನ ಫೋನು ಇಸಿದುಕೊಂಡು, ‘ಸರದಿ’ಯನ್ನು ಒತ್ತಿ, ಉಳಿದ ಕಣ್ಣಿಗೆ ಹತ್ತಿರ ಹಿಡಿದು, ನಾನು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದತೊಡಗಿದಳು. ಇನ್ನೊಂದು ಕಣ್ಣು, ಬೆಳ್ಳಗೆ, ನನ್ನ ಕಡೆಗೇ ತಿರುಗಿತ್ತು.