ಎಂಟು ಜಿಬಿ

ನಮ್ಮಪ್ಪ ಟೈಲರ್. ಯಾರ ಅಂಗಿ ಹೊಲಿದರೂ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಿಸಿ ಬಿಡುತ್ತಾನೆ. ಮೈ ತುಂಬಿಕೊಂಡರೆ ಬಿಚ್ಚಿ ಸಡಿಲ ಮಾಡಿಸಿಕೊಳ್ಳಲಿ ಅಂತ. ಅದಕ್ಕಾಗಿಯೇ ಗಿರಾಕಿಗಳು ಹುಡುಕಿಕೊಂಡು ಬರುತ್ತಾರೆ, ಸುಳ್ಳಲ್ಲ. ಆದರೆ ಲೋಕದ ವಸ್ತುಗಳನ್ನೆಲ್ಲ ತಾನೇ ಹೊಲಿದಿದ್ದೇನೆ ಎಂಬಂತೆ ಆಡುತ್ತಾನಲ್ಲ, ಅಲ್ಲೇ ನನಗೆ ಮೈಯೆಲ್ಲ ಉರಿಯುವುದು.

ನನಗೆ ಎಂ.ಎಸ್‌ಸಿ. ಸೀಟು ಸಿಕ್ಕಿತ್ತು. ಉಪಗ್ರಹದ ಚಿತ್ರಗಳನ್ನಿಟ್ಟುಕೊಂಡು ನದಿ ಎಷ್ಟು ದಡ ಕೊರೆದಿದೆ ಎಂದು ಲೆಕ್ಕ ಹಾಕುವ ವಿಷಯ. ಪ್ರೊಫೆಸರ್ ಮೇಡಂ ಮೊದಲೇ ಬರೆದು ತಿಳಿಸಿದ್ದರು. ಲ್ಯಾಬಿನ ಕಂಪ್ಯೂಟರುಗಳು ಸೀನಿಯರುಗಳಿಗೇ ಸಾಲುತ್ತಿಲ್ಲ, ನಿಮ್ಮದೇ ಲ್ಯಾಪ್‌ಟಾಪ್ ತನ್ನಿ, ಹದಿನಾರು ಜಿಬಿ ಮೆಮೊರಿ ಇರಲೇಬೇಕು. ಮೊದಲ ತಿಂಗಳಲ್ಲಿ ಒಂದು ಪರೀಕ್ಷೆಯ ಕೆಲಸ ಕೊಡುತ್ತೇನೆ, ಮೊದಲು ಮುಗಿಸಿದವರಿಗೆ ನದಿಯ ಪ್ರಾಜೆಕ್ಟಿನಲ್ಲಿ ಜಾಗ. ಇರುವುದು ಒಂದೇ ಜಾಗ.

ನನ್ನದು ಐವತ್ತು ಸಾವಿರ ಇತ್ತು. ಡಿಗ್ರಿ ಓದುವ ಮೂರು ವರ್ಷವೂ ಅಪ್ಪನ ಅಂಗಡಿಯಲ್ಲಿ ಕಾಜಾ ಹೊಲಿದು, ಗುಂಡಿ ಹಾಕಿ ಕೂಡಿಸಿದ್ದು. ಅದನ್ನು ಅಪ್ಪನ ಕೈಯಲ್ಲೇ ಇಟ್ಟಿದ್ದೆ, ನನ್ನ ಬುದ್ಧಿ ಅಷ್ಟು. ಎರಡು ವಾರ ಕೂತು ಹತ್ತಾರು ಲ್ಯಾಪ್‌ಟಾಪುಗಳನ್ನು ಅಳೆದು ಸುರಿದು ನಲವತ್ತೊಂಬತ್ತು ಸಾವಿರದ ಒಂದನ್ನು ಆರಿಸಿದೆ. ಪರದೆ ಮಂಕು, ಮೈ ದಪ್ಪ, ಹೊತ್ತರೆ ಹೆಗಲು ಇಳಿಯುವಷ್ಟು ಭಾರ. ಹದಿನಾರು ಜಿಬಿ ಇತ್ತು. ನನಗೆ ಚೆಂದ ಬೇಕಿರಲಿಲ್ಲ.

ಅಂಗಡಿಗೆ ಅಪ್ಪ, ನಾನು, ತಮ್ಮ ಮೂವರೂ ಹೋದೆವು. ತಮ್ಮನನ್ನು ಮನೆಯಲ್ಲಿ ಎಲ್ಲರೂ ದೊರೆ ಅನ್ನುತ್ತಾರೆ. ಅಮ್ಮ ಮುದ್ದಿಗೆ, ನಾನು ಹೊಟ್ಟೆಕಿಚ್ಚಿಗೆ. ದೊರೆಗೆ ಆಗ ಬೈಕಿನ ಹುಚ್ಚು ಹಿಡಿದಿತ್ತು.

ಅಂಗಡಿಯವನು ನಾನು ಕೇಳಿದ್ದರ ಪಕ್ಕದಲ್ಲೇ ಇನ್ನೊಂದನ್ನು ತಂದಿಟ್ಟ. ತೆಳ್ಳಗೆ, ಬೆಳ್ಳಗೆ, ಎಂಟು ಜಿಬಿ, ಮೂವತ್ತನಾಲ್ಕು ಸಾವಿರ. ಅಪ್ಪ ಅದರ ಅಂಚು ಸವರಿ ನೋಡಿದ.

"ಇದಕ್ಕೆ ಮೆಮೊರಿ ಆಮೇಲೆ ಜಾಸ್ತಿ ಮಾಡ್ಕೋಬಹುದಾ?"

"ಅದಕ್ಕೇನು ಯಜಮಾನ್ರೆ, ಯಾವಾಗ ಬೇಕಾದ್ರೂ ಹಾಕಿಸ್ಕೋಬಹುದು."

"ಆಗಲ್ಲಪ್ಪಾ," ಎಂದೆ. "ಇದ್ರಲ್ಲಿ ಮೆಮೊರೀನ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ನಾನು ಓದಿದೀನಿ."

"ಮಾರೋನಿಗಿಂತ ನಿಂಗೆ ಗೊತ್ತಾ?" ಅಪ್ಪ ನಕ್ಕ. "ಬುದ್ಧಿ ಇರೋನು ಯಾರೂ ಒಳಗೆ ಜಾಗ ಬಿಡದೆ ಮಾಡಲ್ಲ ಕಣೆ. ಈಗ ಇದನ್ನ ತಗೋ, ಬೇಕಾದಾಗ ಬಿಚ್ಚಿಸಿದ್ರಾಯ್ತು. ಉಳಿದಿದ್ದು ದೊರೆ ಬೈಕಿಗೆ ಮುಂಗಡ ಆಗುತ್ತೆ. ಅವನೂ ಓಡಾಡ್ಬೇಕಲ್ಲ?"

ದೊರೆ ಮೊಬೈಲಿನಿಂದ ತಲೆ ಎತ್ತಲಿಲ್ಲ. ಅದು ನನ್ನ ದುಡ್ಡು ಎಂದು ನಾನು ಅಲ್ಲೇ ಕಿರುಚಬೇಕಿತ್ತು. ಅಂಗಡಿ ತುಂಬ ಜನ, ಅಪ್ಪನ ಮರ್ಯಾದೆ ಅಂತೆಲ್ಲ ಯೋಚಿಸಿ ಬಾಯಿಗೆ ಬೀಗ ಹಾಕಿಕೊಂಡೆ. ಅಪ್ಪ ಬಿಲ್ಲನ್ನು ನನ್ನ ಹೆಸರಿಗೇ ಬರೆಸಿದ, ಅದೊಂದು ದೊಡ್ಡಸ್ತಿಕೆ.

ಪರೀಕ್ಷೆಯ ಕೆಲಸ ಕೊಟ್ಟ ದಿನ ಮೊದಲ ಚಿತ್ರ ತೆರೆಯುವಷ್ಟರಲ್ಲೇ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು. ಎರಡನೆಯದಕ್ಕೆ ಪರದೆ ಹಾಗೇ ನಿಂತುಬಿಟ್ಟಿತು. ಚಿತ್ರಗಳನ್ನು ತುಂಡು ತುಂಡು ಮಾಡಿ ಕೊಟ್ಟು ನೋಡಿದೆ, ಒಂದೊಂದು ತುಂಡಿಗೂ ಅರ್ಧ ದಿನ ತಿನ್ನುತ್ತಿತ್ತು. ರಿಪೇರಿಯವನ ಹತ್ತಿರ ಓಡಿದೆ. ಅವನು ತಿರುಪು ಬಿಚ್ಚಿ, ಹಿಂದಿನ ಮುಚ್ಚಳ ತೆಗೆದು, ನನ್ನ ಕಡೆ ತಿರುಗಿಸಿ ತೋರಿಸಿದ.

"ನೋಡಮ್ಮ, ಹಾಕೋಕೆ ಜಾಗಾನೇ ಇಲ್ಲ. ಎಲ್ಲಾ ಬೆಸುಗೆ."

ನನಗೆ ಗೊತ್ತಿದ್ದದ್ದೇ. ಆದರೂ ದಾರಿಯುದ್ದಕ್ಕೂ ಅಪ್ಪನ ಮಾತೇ ನಿಜವಾಗಲಿ ಎಂದು ಬೇಡಿಕೊಂಡು ಹೋಗಿದ್ದೆ. ಅಪ್ಪನ ಮೇಲಿನ ಸಿಟ್ಟಿಗಿಂತ ಆ ಆಸೆ ಇಟ್ಟುಕೊಂಡಿದ್ದಕ್ಕೇ ಹೆಚ್ಚು ನಾಚಿಕೆಯಾಯಿತು.

ನದಿಯ ಪ್ರಾಜೆಕ್ಟಿನ ಜಾಗ ನನ್ನ ಪಕ್ಕದಲ್ಲಿ ಕೂರುವವಳಿಗೆ ಹೋಯಿತು. ಒಳ್ಳೆಯ ಹುಡುಗಿ, ಬೈಯಲೂ ಮನಸ್ಸು ಬರುವುದಿಲ್ಲ. ಮೇಡಂ ಕನಿಕರಪಟ್ಟು ಅವಳ ವರದಿಗಳನ್ನು ಟೈಪ್ ಮಾಡುವ ಕೆಲಸ ನನಗೆ ಕೊಟ್ಟರು. ಇದಕ್ಕೆ ನಿಮ್ಮ ಲ್ಯಾಪ್‌ಟಾಪ್ ಧಾರಾಳವಾಯ್ತು ಎಂದರು.

ಭಾನುವಾರ ಅಪ್ಪ ಊರಿಂದ ಫೋನ್ ಮಾಡಿದ. ದೊರೆ ಹೊಸ ಬೈಕು ತೊಳೆಯುತ್ತಿದ್ದಾನಂತೆ.

"ಲ್ಯಾಪ್‌ಟಾಪ್ ಹೆಂಗಿದೆ? ಕೆಲಸ ನಡೀತಿದ್ಯಾ?"

ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೇಳಿದ್ದರೆ ಅಪ್ಪ ಅಂಗಡಿಯವನಿಗೆ ಹಿಡಿಶಾಪ ಹಾಕುತ್ತಿದ್ದ, ತನ್ನದೇ ತಪ್ಪು ಎಂದು ಒಪ್ಪುತ್ತಿರಲಿಲ್ಲ.

"ನಡೀತಿದೆ. ಬೇರೆಯವ್ರ ವರದಿ ಟೈಪ್ ಮಾಡ್ಕೊಡ್ತೀನಿ."

"ನೋಡ್ದ್ಯಾ! ಸುಮ್ನೆ ಹಟ ಮಾಡ್ತಿದ್ದೆ." ಅಪ್ಪನಿಗೆ ನಿಜವಾಗಿಯೂ ಖುಷಿಯಾಗಿತ್ತು. "ಅದಕ್ಕೆ ದುಡ್ಡು ಗಿಡ್ಡು ಕೊಡ್ತಾರಾ? ಕೊಟ್ರೆ ಇಲ್ಲಿಗೆ ಕಳ್ಸು, ಜೋಪಾನವಾಗಿ ಇಟ್ಟಿರ್ತೀನಿ."

"ಇಲ್ಲಪ್ಪ, ಕೊಡಲ್ಲ," ಎಂದೆ.

ಕೊಡುತ್ತಾರೆ, ತಿಂಗಳು ತಿಂಗಳು ತಪ್ಪದೆ. ಅಪ್ಪನಿಗೆ ನಾನು ಅಂಥ ಸುಳ್ಳು ಹೇಳಿದ್ದು ಅದೇ ಮೊದಲು. ನಾಲಿಗೆ ಒಂಚೂರೂ ತಡವರಿಸಲಿಲ್ಲ.