ಸಾರಿಸದ ಗೋಡೆ

ಅಂಬಮ್ಮ ಸಗಣಿ ಪುಟ್ಟಿಯನ್ನು ತನ್ನ ಕಡೆಗೆ ಎಳೆದಳು, ತಿಪ್ಪಮ್ಮ ತನ್ನ ಕಡೆಗೆ ಎಳೆದುಕೊಂಡಳು. ಅಂಗಳದಲ್ಲಿ ಚಾಪೆಯ ಮೇಲೆ ತಿಪ್ಪಮ್ಮನ ಗಂಡ ಪುಟ್ಟಯ್ಯನ ಹೆಣ ಇನ್ನೂ ಮಲಗಿದೆ, ಪಕ್ಕದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದಾರೆ, ಇವರಿಬ್ಬರಿಗೆ ಪುಟ್ಟಿಯ ಜಗಳ.

"ಹೆಣ ಎತ್ತಿದ್ ಮ್ಯಾಲೆ ನೆಲ, ಗೋಡೆ ಎಲ್ಲಾ ಸಾರಿಸ್ಬೇಕು ಕಣೇ. ನನ್ ತಮ್ಮ ಹೋದ ಮನೆ ಇದು. ಸಾರಿಸ್ದೆ ದೀಪ ಹಚ್ತೀಯಾ?" ಅಂದಳು ಅಂಬಮ್ಮ.

"ನೆಲ ಸಾರಿಸ್ತೀನಿ ಅತ್ತಿಗಮ್ಮ. ಗೋಡೆ ಮುಟ್ಟಾಕಿಲ್ಲ. ಇವತ್ತು ಔಷಧಿ ಹೊಡೆಯೋರು ಬತ್ತಾರೆ."

"ಸತ್ತ ಮನೇಗೆ ಔಷಧಿಯಾ? ಅವ್ನು ಬದುಕಿದ್ದಾಗ ಹೊಡೆಯಾಕೆ ಏನಾಗಿತ್ತಂತೆ ಅವ್ರಿಗೆ ದೊಡ್ಡರೋಗ!"

ಸಿಂಗಟಗೆರೆಯ ಸುತ್ತ ಯಾವ ಊರಿನಲ್ಲಿ ಕೇಳಿದರೂ 'ಮಲೇರಿಯಾ ಪುಟ್ಟಯ್ಯ' ಅಂದರೆ ಗೊತ್ತು. ಸರ್ಕಾರದ ಪಂಪು ಹೊತ್ತು ಕಂಡವರ ಮನೆ ಗೋಡೆಗೆಲ್ಲ ಡಿಡಿಟಿ ಹೊಡೆದವನು. ಅವನೇ ಚಳಿಜ್ವರದಲ್ಲಿ ಹೋದ. ಅವನ ಮನೆ ಗೋಡೆ ಔಷಧಿ ಕಂಡು ವರ್ಷಗಳಾಗಿದ್ದವು. ಇಷ್ಟು ಸಾಲದು ಅಂತ, ಚೊಚ್ಚಲ ಹೆರಿಗೆಗೆ ಅಜ್ಜಂಪುರದಿಂದ ತವರಿಗೆ ಬಂದ ಮಗಳು ಮಾರಮ್ಮ ಒಳಗೆ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಅಪ್ಪನಿಗೆ ಬಂದದ್ದೇ ಮಗಳಿಗೂ.

"ಗೋಡೆಗೆ ಔಷಧಿ ಹೊಡುಸ್ಬಿಡೇ, ಹುಡುಗಿ ಹೆರೋಕ್ಕೆ ಮುಂಚೆ," ಅಂತ ಕೊನೆಗೆ ಅವನು ಹಲ್ಲು ಕಟಕಟಿಸುತ್ತಲೇ ಹೇಳಿದ್ದ. ಸಾಯುವಾಗಲೂ ಗೋಡೆಯ ಮಾತೇ! ಹೆಂಡತಿಗೆ ಒಂದು ಒಳ್ಳೆ ಮಾತು ಹೇಳಬಾರದೇ ಈ ಮನುಷ್ಯ? ತಿಪ್ಪಮ್ಮನಿಗೆ ಅಳುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

*

ಮದುವೆಯಾಗಿ ಬಂದಾಗಿನಿಂದ ಇದೇ ಕಾಟ. ದೀಪಾವಳಿ ಬಂದರೆ ಕೇರಿಯ ಹೆಂಗಸರೆಲ್ಲ ಕೆಮ್ಮಣ್ಣು ಸಗಣಿ ಕಲಸಿ ಗೋಡೆ ಬಳಿದು, ಮೇಲೆ ಸುಣ್ಣದಲ್ಲಿ ಚಿತ್ತಾರ ಬರೆಯುತ್ತಿದ್ದರು. ತಿಪ್ಪಮ್ಮನ ಗೋಡೆಗೆ ಮಾತ್ರ ಡಿಡಿಟಿಯ ಬಿಳಿ ಬಿಳಿ ಪಟ್ಟೆ, ಬಾಗಿಲ ಪಕ್ಕ ಔಷಧಿ ಹೊಡೆದ ತಾರೀಕಿನ ಕೆಂಪು ಗುರುತು. ತಂಗಿಯರು ಹಬ್ಬಕ್ಕೆ ಬಂದವರು, "ಏನಕ್ಕಾ, ನಿಮ್ ಗೋಡೆಗೆ ತೊನ್ನು ಹತ್ತೈತಾ?" ಅಂತ ನಗುತ್ತಿದ್ದರು.

ಎಪ್ಪತ್ತೊಂದರಲ್ಲೋ ಎರಡರಲ್ಲೋ ಒಂದು ದೀಪಾವಳಿಗೆ ಅವನು ತರೀಕೆರೆ ಕಡೆ ಕೆಲಸಕ್ಕೆ ಹೋಗಿದ್ದಾಗ ಅವಳು ಧೈರ್ಯ ಮಾಡಿ ಇಡೀ ಮನೆ ಬಳಿದು ಚಿತ್ತಾರವನ್ನೂ ಬರೆದಳು. ಬಂದವನು ನೋಡಿದ. ಚೀಲ ಕೆಳಗಿಟ್ಟ. ಕುಡುಗೋಲು ತೆಗೆದುಕೊಂಡು, ಹಬ್ಬದ ದಿನ, ಊಟ ಬಿಟ್ಟು ಇಡೀ ಗೋಡೆ ಕೆರೆಯುತ್ತಾ ಕೂತ!

"ಸೊಳ್ಳೆ ಬಂದು ಕೂರೋದು ಗೋಡೆ ಮ್ಯಾಲೆ. ಔಷಧಿ ಮ್ಯಾಲೆ ಸಗಣಿ ಬಳುದ್ರೆ ಅದು ಯಾಕ್ ಸಾಯ್ತದೆ? ಊರಿಗೆಲ್ಲ ಬುದ್ಧಿ ಹೇಳ್ತೀನಿ, ನನ್ ಹೆಂಡ್ತಿನೇ ಹಿಂಗೆ ಮಾಡುದ್ರೆ?"

"ಊರಲ್ಲಿ ಯಾರು ಕೇಳವ್ರೆ ನಿನ್ ಮಾತ? ಗೌಡ್ರ ಮನೇಲಿ ನಿನ್ನ ಜಗಲಿ ದಾಟಾಕೆ ಬಿಡ್ತಾರಾ? ಅಡಿಗೆ ಮನೆ ಗೋಡೇಲಿ ಸೊಳ್ಳೆ ಕೂರಲ್ವಾ?"

ಅದು ಚುಚ್ಚಬೇಕೆಂದೇ ಆಡಿದ ಮಾತು. ಚುಚ್ಚಿತು ಕೂಡ. ಅವನು ಕುಡುಗೋಲು ಕೆಳಗಿಟ್ಟು ಹೇಳಿದ: "ಜಿನೀವಾ ಅಂತ ಒಂದ್ ಊರೈತಂತೆ. ಲೋಕದ ದೊಡ್ಡೋರೆಲ್ಲ ಅಲ್ಲಿ ಕೂತ್ಕೊಂಡು, ಭೂಮಿ ಮ್ಯಾಲೇ ಚಳಿಜ್ವರ ಇರಬಾರ್ದು ಅಂತ ತೀರ್ಮಾನ ಮಾಡವ್ರೆ ಕಣೇ. ನಾವೂ ಅದ್ರಲ್ಲಿ ಇದ್ದೀವಿ."

ತರೀಕೆರೆ ದಾಟಿ ಆಚೆ ಹೋಗದವನು ಜಿನೀವಾದ ಸುದ್ದಿಯನ್ನು ಪಕ್ಕದ ಸಖರಾಯಪಟ್ಟಣದ ಸುದ್ದಿಯ ಹಾಗೆ ಹೇಳುತ್ತಿದ್ದ. ತಿಪ್ಪಮ್ಮ ಆಮೇಲೆ ಗೋಡೆ ಬಳಿಯಲಿಲ್ಲ. ಒಪ್ಪಿ ಅಲ್ಲ, ಸಾಕಾಗಿ.

*

ಬಿಸಿಲೇರಿದ ಮೇಲೆ ಜೀಪು ಬಂತು. ಮಲೇರಿಯಾ ಇನ್‌ಸ್ಪೆಕ್ಟರ್ ಈರಣ್ಣ ಇಳಿದ. ಹಿಂದಿನಿಂದ ರಾಮಯ್ಯ ಇಳಿದ. ಪುಟ್ಟಯ್ಯನ ಜೊತೆಗೇ ಕೆಲಸಕ್ಕೆ ಸೇರಿದವನು. ಅವನು ನೇರ ಹೆಣದ ಹತ್ತಿರ ಹೋಗಿ ಕಾಲು ಹಿಡಿದುಕೊಂಡು, "ಹೋಗ್ಬಿಟ್ಯಲ್ಲೋ ಪುಟ್ಟಾ," ಅಂತ ಅತ್ತ.

ತಿಪ್ಪಮ್ಮ ಅವನ ಅಳು ನಿಲ್ಲುವವರೆಗೆ ಕಾದಳು. ಜೀಪಿನೊಳಗೆ ಇಣುಕಿದಳು.

"ಪಂಪು ಎಲ್ಲಿ ರಾಮಯ್ಯ?"

ರಾಮಯ್ಯ ಕಣ್ಣೊರೆಸಿಕೊಂಡ. ಅವನ ಕಂಕುಳಲ್ಲಿ ಇದ್ದದ್ದು ತಗಡಿನ ಅಚ್ಚು, ಕೆಂಪು ಬಣ್ಣದ ಡಬ್ಬಿ, ಒಂದು ಬ್ರಷ್ಷು.

"ಔಷಧಿ ಪುಡಿ ಬಂದಿಲ್ಲಮ್ಮ," ಅಂದ ಈರಣ್ಣ. "ಜ್ವರದಲ್ಲಿ ಸತ್ತಿರೋ ಮನೆ, ನಾಳೆ ದೊಡ್ಡ ಸಾಹೇಬ್ರು ನೋಡೋಕೆ ಬರ್ತಾರೆ. ಗುರುತು ಇರ್ಲೇಬೇಕು. ಇವತ್ತು ಗುರುತು ಹಾಕ್ತೀವಿ, ಪುಡಿ ಬಂದ್ಮೇಲೆ ಹೊಡೀತೀವಿ."

"ಹೊಡ್ದಾಯ್ತು ಅನ್ನೋ ಗುರುತು ಬಿದ್ದ ಮನೇಗೆ ಯಾವತ್ತಾದ್ರೂ ತಿರುಗಿ ಬಂದಿದ್ದೀರಾ ಸ್ವಾಮಿ? ಮಲೇರಿಯಾ ಪುಟ್ಟಯ್ಯನ ಹೆಂಡ್ತಿಗೆ ಹೇಳ್ತಿದ್ದೀರಲ್ಲ ಈ ಮಾತ! ಒಳಗೆ ಬಸುರಿ ನಡುಗ್ತಾ ಬಿದ್ದವ್ಳೆ."

"ನಾನೇನ್ಮಾಡ್ಲಮ್ಮ? ಹೋದ್ ವರ್ಷ ವಾಂತಿಭೇದಿ ಮುಖ್ಯ ಅಂದ್ರು, ಈ ವರ್ಷ ಮಕ್ಕಳ ಸೂಜಿ ಅಂತಾರೆ. ಎಲ್ಲೋ ಮೇಲೆ ಸಭೆ ಸೇರ್ತಾರೆ, ಇಲ್ಲಿ ನನ್ನ ಪ್ರಾಣ ತಿಂತಾರೆ. ಬರೆಯೋ ರಾಮಯ್ಯ."

ರಾಮಯ್ಯ ಅಚ್ಚನ್ನು ಗೋಡೆಗೆ ಒತ್ತಿ ಹಿಡಿದ. ಬ್ರಷ್ಷು ಎತ್ತಲಿಲ್ಲ. "ಅವ್ನ ಹೆಣದ ಮುಂದೆ ಬ್ಯಾಡಿ ಸಾರ್," ಅಂದ.

ಈರಣ್ಣ ಬ್ರಷ್ಷು ಕಿತ್ತುಕೊಂಡು ತಾನೇ ಬಳಿದ.

*

ಎಪ್ಪತ್ತಾರರಲ್ಲೂ ಹೀಗೇ ಆಗಿತ್ತು. ಚಳಿಜ್ವರ ಮುಗಿದೇ ಹೋಯಿತು, ಇನ್ನು ಜನಸಂಖ್ಯೆ ನೋಡಬೇಕು ಅಂತ ಪಂಪು ಒಳಗಿಡಿಸಿ, ಪುಟ್ಟಯ್ಯನನ್ನು ಮಕ್ಕಳಾಗದ ಆಪರೇಶನ್ನಿಗೆ ಗಂಡಸರನ್ನು ಹಿಡಿದು ತರಲು ಕಳಿಸಿದರು. ಅವನನ್ನು ಕಂಡರೆ ಜನ ತೆಂಗಿನ ತೋಟಕ್ಕೆ ಓಡುತ್ತಿದ್ದರು. ಜ್ವರ ತಿರುಗಿ ಬಂದ ಮೇಲೆ ಪಂಪು ಈಚೆ ಬಂತು, ಎರಡು ವರ್ಷಕ್ಕೆ ಮತ್ತೆ ಒಳಗೆ ಹೋಯಿತು. ಆಮೇಲೆ, ಎರಡು ಸಾವಿರದ ಇಸವಿಯ ಹೊತ್ತಿಗೆ ಎಲ್ಲರಿಗೂ ಆರೋಗ್ಯ ಅಂತ ಅವನ ಕೈಲೇ ಊರೂರ ಗೋಡೆಗೆ ಬರೆಸಿದರು.

ತರೀಕೆರೆಯ ಮೀಟಿಂಗಿನಲ್ಲಿ ಪುಟ್ಟಯ್ಯ ಎದ್ದು ನಿಂತು, "ಸಾರ್, ಇದ್ನ ಸೊಳ್ಳೆಗೆ ಹೇಳಿದ್ರಾ?" ಅಂತ ಕೇಳಿದನಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ಮನೆಗೆ ಬಂದು ಹೆಂಡತಿಯನ್ನು ಕೇಳಿದ:

"ನಾನು ನಗೋ ಮಾತೇನ್ ಹೇಳ್ದೆ ತಿಪ್ಪಮ್ಮ?"

ಅವತ್ತು ಅವಳಿಗೆ ಅವನನ್ನು ನೋಡಿ ಮೊದಲ ಸಲ ಅಯ್ಯೋ ಅನಿಸಿತ್ತು.

*

ತಮಟೆ ಶುರುವಾಯಿತು. ಚಟ್ಟ ಎತ್ತಿದರು. ರಾಮಯ್ಯನೂ ಹೆಗಲು ಕೊಟ್ಟ. ಕಿರುಓಣಿ, ಮುಂದೆ ಹೆಣ, ಜೀಪು ಹೋಗಲು ದಾರಿಯಿಲ್ಲ. ಈರಣ್ಣ ಜೀಪಿನಲ್ಲೇ ಕೂತು ಕಾಯಬೇಕಾಯಿತು.

ತಿಪ್ಪಮ್ಮ ಓಣಿಯ ತಿರುವಿನವರೆಗೂ ಗಂಡನನ್ನು ನೋಡಿದಳು. ಹಿಂದಕ್ಕೆ ಬಂದು ಪುಟ್ಟಿಗೆ ಕೈ ಹಾಕಿ, ಬೊಗಸೆ ತುಂಬ ಸಗಣಿ ಎತ್ತಿ, ಹಸಿ ಕೆಂಪು ಗುರುತಿನ ಮೇಲೆ ರಪ್ಪನೆ ಬಡಿದಳು. ಅಂಗೈಯಲ್ಲಿ ಎಳೆದು ಎಳೆದು ಬಳಿದಳು.

"ಏಯ್! ಏನಮ್ಮ ಮಾಡ್ತಿದ್ದೀಯ?" ಈರಣ್ಣ ಜೀಪಿನಿಂದ ಹಾರಿದ.

"ಸತ್ತ ಮನೆ ಸಾರಿಸ್ತಿದ್ದೀನಿ ಸ್ವಾಮಿ. ಶಾಸ್ತ್ರ."

ಈರಣ್ಣ ಅಂಬಮ್ಮನ ಮುಖ ನೋಡಿದ. ಅಂಬಮ್ಮ ಗೋಡೆ ನೋಡಿದಳು, ತಮ್ಮನ ಹೆಂಡತಿಯನ್ನು ನೋಡಿದಳು, ಒಳಗಿನ ನರಳಾಟ ಕೇಳಿಸಿಕೊಂಡಳು.

"ಶಾಸ್ತ್ರ ಬಿಡಾಕಾಯ್ತದಾ ಸ್ವಾಮಿ?" ಅಂದಳು.

"ಆ ಕಡೆ ಗೋಡೆಗೆ ಹಾಕ್ತೀನಿ."

"ಹಾಕಿ. ಅಲ್ಲೂ ಸಾರಿಸ್ತೀನಿ."

ಅವನು ಗೊಣಗುತ್ತಾ ಜೀಪು ಹತ್ತಿದ. ಓಣಿ ತೆರವಾಗಿತ್ತು.

"ಹೆಂಗೂ ಕೈ ಹಾಕಿದ್ದೀಯ. ಮಿಕ್ಕಿದ್ದೂ ಬಳುದ್ಬಿಡು," ಅಂದಳು ಅಂಬಮ್ಮ.

"ಇಷ್ಟೇ ಅತ್ತಿಗಮ್ಮ. ಮಿಕ್ಕಿದ್ದು ಔಷಧಿಗೆ. ನಾಳೆ ಆ ದೊಡ್ಡ ಸಾಹೇಬ ಗುರುತಿಲ್ಲದ ಗೋಡೆ ನೋಡ್ಲಿ."

ನೆಲ ಸಾರಿಸಿದ್ದಾಯಿತು. ಅವನು ಮಲಗಿದ್ದ ಜಾಗದಲ್ಲಿ ದೀಪ ಹಚ್ಚಿದ್ದಾಯಿತು. ಬಾಗಿಲ ಪಕ್ಕ ಅಂಗೈಯಗಲದ ಹಸಿ ಸಗಣಿ, ಅದರ ಸುತ್ತ ಪುಟ್ಟಯ್ಯ ಯಾವಾಗಲೋ ಹೊಡೆದ ಮಾಸಲು ಬಿಳಿ ಪಟ್ಟೆಗಳು. ಒಳಗೆ ಮಗಳ ಹಲ್ಲು ಕಟಕಟ ಅನ್ನುತ್ತಿತ್ತು. ತಿಪ್ಪಮ್ಮ ಗೋಡೆಗೆ ಬೆನ್ನು ಕೊಟ್ಟು, ಓಣಿಯ ಕಡೆ ಮುಖ ಮಾಡಿ ಕೂತಳು. ಪಕ್ಕದ ಪುಟ್ಟಿಯಲ್ಲಿ ಸಗಣಿ ಇನ್ನೂ ಉಳಿದಿತ್ತು.